ನಲವತ್ತೊಂದನೆಯ ಹೆಸರು

ಬಷೀರ್ ಅಹಮದ್ ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಅವರ ದೊಡ್ಡ ಗುಣವೆಂದು ಯಾರಾದರೂ ಹೊಗಳಿದರೆ, ಅಂಥವರು ಬಷೀರ್ ಸಾಹೇಬರ ಕಿವಿಗಳನ್ನು ಸರಿಯಾಗಿ ನೋಡಿಲ್ಲವೆಂದೇ ಅರ್ಥ. ಸುಳ್ಳು ಬಾಯಿಂದ ಹೊರಡುವ ಮೊದಲೇ ಎರಡೂ ಕಿವಿ ಹಣ್ಣು ಟೊಮೆಟೊ ಹಾಗೆ ಕೆಂಪಾಗಿಬಿಡುತ್ತಿದ್ದವು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅವರು ಮೂವತ್ತು ವರ್ಷ ರೇಷ್ಮೆಗೂಡಿನ ಹರಾಜು ಕೂಗಿದವರು. "ಇದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ" ಎಂದು ಅವರು ಹೇಳಿದಾಗಲೆಲ್ಲ ರೈತರು ಅವರ ಮುಖ ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದರು. ನೋಡಿ, ನಕ್ಕು, ಬೆಲೆ ಏರಿಸುತ್ತಿದ್ದರು. ಈಗ ಹರಾಜು ಮೊಬೈಲಿನಲ್ಲಿ ನಡೆಯುವುದರಿಂದ ಅವರ ವ್ಯಾಪಾರ ಸ್ವಲ್ಪ ಸುಧಾರಿಸಿದೆ. ಮೊಬೈಲಿಗೆ ಕಿವಿ ಕಾಣುವುದಿಲ್ಲ.

ಇಂಥವರು ಒಂದು ಸೋಮವಾರ ಒಂದೇ ಒಂದು ಸುಳ್ಳು ಹೇಳಿದರು. ಗುರುವಾರದ ಹೊತ್ತಿಗೆ ಆ ಸುಳ್ಳು ಒಂದು ಶಾಮಿಯಾನ, ಎರಡು ಹಂಡೆ ಪಲಾವು ಮತ್ತು ಒಬ್ಬ ಸರ್ಕಾರಿ ಇನ್‌ಸ್ಪೆಕ್ಟರನ್ನು ಬೇಡಿತು. ಆ ಕಥೆಯೇ ಇದು.

ಬಷೀರ್ ಸಾಹೇಬರ ಮನೆಯ ಹಿಂದೆ ಆರು ಬೇಸಿನ್ನಿನ ಫಿಲೇಚರ್ ಇದೆ. ಅಂದರೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಜಾಗ. ಅಲ್ಲಿ ಗೋಡೆಯ ಮೊಳೆಗೆ ಒಂದು ರೇಡಿಯೋ ನೇತುಬಿದ್ದಿರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅದರಲ್ಲಿ ಬರುವುದು ದೇಶವಾಣಿ ಒಂದೇ. ಹಾಡೇ ಇಲ್ಲದ, ಬರೀ ಮಾತಿನ ಸ್ಟೇಷನ್ನು. ಬೇರೆ ಸ್ಟೇಷನ್ ಹಾಕಬಾರದೆಂದು ಸಾಹೇಬರ ಕಟ್ಟಪ್ಪಣೆ. "ಹಾಡು ಹಾಕಿದ್ರೆ ಹೆಂಗಸರ ಕೈ ತಾಳಕ್ಕೆ ಓಡುತ್ತೆ, ಎಳೆ ತುಂಡಾಗುತ್ತೆ. ಮಾತಾದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, ಕೆಲಸ ಸಲೀಸು" ಎನ್ನುವುದು ಅವರ ಅನುಭವದ ಮಾತು. ಹೀಗಾಗಿ ದೇಶದ ದೊಡ್ಡ ದೊಡ್ಡ ವಿದ್ವಾಂಸರು ಆ ಫಿಲೇಚರಿನ ಹಬೆಯೊಳಗೆ ವರ್ಷಾನುಗಟ್ಟಲೆ ಮಾತಾಡಿ, ಒಂದು ಎಳೆಯನ್ನೂ ತುಂಡು ಮಾಡದೆ ಹೋಗಿದ್ದಾರೆ.

ಮೊದಲನೇ ಬೇಸಿನ್ ಅಶ್ವತ್ಥಮ್ಮನದು. ಇಪ್ಪತ್ತಾರು ವರ್ಷದಿಂದ ಅವಳದೇ. ಕುದಿಯುವ ನೀರಿನಲ್ಲಿ ತೇಲುವ ಗೂಡಿನ ಮೇಲೆ ಕೂದಲಿಗಿಂತ ಸಣ್ಣ ಎಳೆಯ ತುದಿ ಎಲ್ಲಿದೆಯೆಂದು ಅವಳ ಬೆರಳಿಗೆ ಗೊತ್ತು. ಬೇರೆಯವರು ನಾಲ್ಕು ಸಲ ಕೆದಕಿ ಹುಡುಕುವುದನ್ನು ಅವಳು ಒಂದು ಸಲ ನೀವಿ ಎತ್ತುತ್ತಾಳೆ. ತೊಂಡೇಬಾವಿಗೆ ಕೊಟ್ಟ ಮಗಳು ರೂಪ ಎರಡು ವರ್ಷದಿಂದ ಕರೆಯುತ್ತಲೇ ಇದ್ದಳು. "ಬಂದ್ಬಿಡಮ್ಮ, ಇನ್ನೆಷ್ಟು ದಿನ ಬಿಸಿನೀರಲ್ಲಿ ಕೈ ಬೇಯಿಸ್ಕೊತೀಯ?" ಅಶ್ವತ್ಥಮ್ಮ "ನೋಡಣ" ಅನ್ನುತ್ತಿದ್ದಳು. ಆ 'ನೋಡಣ' ಕೇಳಿಸಿದಾಗಲೆಲ್ಲ ಬಷೀರ್ ಸಾಹೇಬರ ಎದೆ ಒಂದು ಸಲ ಧಸಕ್ಕೆನ್ನುತ್ತಿತ್ತು. ಅವಳಿಲ್ಲದೆ ಆರು ಬೇಸಿನ್ನೂ ಆರು ಬಾಣಲೆ, ಅಷ್ಟೆ.

ಹೀಗಿರುವಾಗ ಒಂದು ಶುಕ್ರವಾರ ದೇಶವಾಣಿಯಿಂದ ತನುಜ ಎಂಬ ಹೆಣ್ಣುಮಗಳು ಹೆಗಲಿಗೊಂದು ಚೀಲ, ಕೈಯಲ್ಲೊಂದು ಮೈಕು ಹಿಡಿದು ಬಂದಳು. ರೇಷ್ಮೆ ಕೆಲಸದ ಬಗ್ಗೆ ಸ್ವಲ್ಪ ರೆಕಾರ್ಡ್ ಮಾಡಿಕೊಳ್ಳಬೇಕಿತ್ತಂತೆ. ಬಷೀರ್ ಸಾಹೇಬರು "ಐದು ನಿಮಿಷ" ಎಂದು ಒಳಗೆ ಹೋಗಿ, ಮಗನ ಮದುವೆಗೆ ಹೊಲಿಸಿದ್ದ ಶೇರ್ವಾನಿ ತೊಟ್ಟು, ಅತ್ತರು ಪೂಸಿಕೊಂಡು ಬಂದರು.

"ಸರ್, ಇದು ರೇಡಿಯೋ. ಬಟ್ಟೆ ಕಾಣಲ್ಲ" ಎಂದಳು ತನುಜ, ಮೆಲ್ಲಗೆ.

"ಪರವಾಗಿಲ್ಲಮ್ಮ. ಗಂಟಲಿಗೆ ಗೊತ್ತಾಗುತ್ತೆ."

ಮಿಷನ್ನಿನ ಸದ್ದು ಬೀಳದಿರಲೆಂದು ಒಳಕೋಣೆಯ ಬಾಗಿಲು ಹಾಕಿದರು. ಫ್ಯಾನೂ ನಿಲ್ಲಿಸಿದರು. ಬಷೀರ್ ಸಾಹೇಬರು ತಾತನ ಕಾಲದಿಂದ ಶುರು ಮಾಡಿದರು. ಮುಕ್ಕಾಲು ಗಂಟೆಯಾದರೂ ಅವರಿನ್ನೂ ಹುಟ್ಟಿರಲಿಲ್ಲ. ಕೊನೆಗೊಮ್ಮೆ ಹುಟ್ಟಿ, ಬೆಳೆದು, ಫಿಲೇಚರ್ ಹಾಕಿ, "ಒಬ್ಬ ಮನುಷ್ಯ ಮೇಲೆ ಬರಬೇಕಾದರೆ ಹತ್ತಾರು ಕೈಗಳು ಬೇಕು" ಎಂದು ಗಂಟಲು ಗದ್ಗದ ಮಾಡಿಕೊಂಡು, ಆ ಕೈಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ನಲವತ್ತು ಹೆಸರು. ಊರು, ಕಸುಬು, ಮಾಡಿದ ಉಪಕಾರ ಸಮೇತ. ತನುಜಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಆದರೂ ಆ ಹುಡುಗಿ ಪ್ರತಿ ಹೆಸರಿಗೂ ಒಮ್ಮೆ ತಲೆಯಾಡಿಸಿದಳು. ಅವಳನ್ನು ಹೆತ್ತ ತಾಯಿ ಪುಣ್ಯವಂತೆ.

ತೊಂಬತ್ತು ನಿಮಿಷದ ಮೇಲೆ ಬಾಗಿಲು ತೆರೆಯಿತು. ತನುಜ ಫಿಲೇಚರಿಗೆ ಹೋಗಿ, "ಇಲ್ಲಿ ಒಂದು ಹತ್ತು ನಿಮಿಷ ಸುಮ್ನೆ ನಿಂತಿರ್ತೀನಿ ಸರ್, ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ" ಎಂದಳು. ಪಾಪ, ಬೆವರು ಆರಿಸಿಕೊಳ್ಳಲು ನಿಂತಿದ್ದಾಳೆ ಎಂದುಕೊಂಡು ಸಾಹೇಬರು ಕೆಲಸಕ್ಕೆ ತೊಡಗಿದರು. ಅವರ ಹೆಂಡತಿ ದಿಲ್ಷಾದ್ ಬೇಗಂ ಚಹಾ ತಂದುಕೊಟ್ಟರು.

ಹೊರಡುವಾಗ ತನುಜ ಹೇಳಿದಳು: "ಮುಂದಿನ ಗುರುವಾರ ಬರುತ್ತೆ ಸರ್. ಯಾವ ಕಾರ್ಯಕ್ರಮದ ಜೊತೆ ಸೇರಿಸ್ತಾರೋ ನಂಗೆ ಗೊತ್ತಿಲ್ಲ. ಎಷ್ಟು ಹೊತ್ತು ಅಂತಾನೂ ಹೇಳಕ್ಕಾಗಲ್ಲ. ಆಫೀಸಲ್ಲಿ ಕತ್ತರಿಸಿ, ಚೆನ್ನಾಗಿರೋದನ್ನ ಮಾತ್ರ ತಗೋತಾರೆ."

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಎಚ್ಚೆತ್ತುಕೊಳ್ಳುತ್ತಿದ್ದರು. ಆದರೆ ಬಷೀರ್ ಸಾಹೇಬರು ಗೂಡಿನಿಂದ ನೂಲು ಬಿಚ್ಚಿಸುವ ರೀಲರ್. ಎಷ್ಟು ಕೆಜಿ ಗೂಡು ಬಿಚ್ಚಿದರೆ ಒಂದು ಕೆಜಿ ರೇಷ್ಮೆ ಎಂಬ ಲೆಕ್ಕಕ್ಕೆ ಅವರ ಕಸುಬಿನಲ್ಲಿ 'ರೆಂಡಿಟ್ಟಾ' ಎನ್ನುತ್ತಾರೆ. ಸುಮಾರಾದ ಗೂಡಿಗೆ ರೆಂಡಿಟ್ಟಾ ಎಂಟು. ತೊಂಬತ್ತು ನಿಮಿಷವನ್ನು ಎಂಟರಿಂದ ಭಾಗಿಸಿದರೆ ಹನ್ನೊಂದು ನಿಮಿಷ. "ನನ್ನ ಮಾತು ಸುಮಾರಾದ್ದು ಅಂತಲೇ ಇಟ್ಕೊಳ್ಳಣ" ಎಂದು ವಿನಯದಿಂದ ಅಂದುಕೊಂಡರು. ಹನ್ನೊಂದು ನಿಮಿಷದಲ್ಲಿ ನಲವತ್ತು ಹೆಸರು ಆರಾಮಾಗಿ ಹಿಡಿಯುತ್ತವೆ.

ಅಂದು ಸಂಜೆಯೇ ನಲವತ್ತು ಜನಕ್ಕೂ ಫೋನ್ ಮಾಡಿದರು. "ಗುರುವಾರ ದೇಶವಾಣಿ ಹಾಕ್ರಿ. ನಿಮ್ಮ ಹೆಸರು ಬರುತ್ತೆ."

ಸೋಮವಾರ ಬೆಳಿಗ್ಗೆ ಗೂಡು ಬೇಯುತ್ತಿತ್ತು. ಅಶ್ವತ್ಥಮ್ಮ ತಲೆಯೆತ್ತದೆ ಕೇಳಿದಳು.

"ಊರೋರ ಹೆಸರೆಲ್ಲಾ ಹೇಳಿದ್ದೀರಂತೆ ಸಾಹೇಬ್ರೇ. ಟೀ ಅಂಗಡಿ ಚೆನ್ನರಾಯಪ್ಪ ಬೀದಿಲಿ ನಿಂತು ಹೇಳ್ಕೊತಾವ್ನೆ."

"ಹೂಂ ಅಶ್ವತ್ಥಮ್ಮ. ಯಾರನ್ನೂ ಬಿಟ್ಟಿಲ್ಲ" ಎಂದರು ಸಾಹೇಬರು. ಎಂದ ಮೇಲೆ ಅವರ ಕೈಯಲ್ಲಿದ್ದ ಗೂಡಿನ ಬುಟ್ಟಿ ಅಲ್ಲೇ ನಿಂತಿತು. ಮನಸ್ಸಿನಲ್ಲೇ ಒಂದರಿಂದ ನಲವತ್ತರವರೆಗೆ ಓಡಿದರು. ತಿರುಗಿ ನಲವತ್ತರಿಂದ ಒಂದಕ್ಕೆ ಬಂದರು. ಅಶ್ವತ್ಥಮ್ಮ ಎರಡು ಕಡೆಯಿಂದ ಬಂದರೂ ಸಿಗಲಿಲ್ಲ. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವವರಿಗೆ ಆಗುವುದು ಇದೇ.

"ನಂದೂ ಹೇಳಿದ್ರಾ?" ಎಂದಳು ಅವಳು.

"ನಿಂದಾ? ಅರೆ! ಮೊದಲು ನಿಂದೇ!"

ಅಶ್ವತ್ಥಮ್ಮ ಆಗ ತಲೆಯೆತ್ತಿ ನೋಡಿದಳು. ಅವಳು ನೋಡಿದ್ದು ಮುಖವನ್ನೋ ಕಿವಿಯನ್ನೋ ಸಾಹೇಬರಿಗೆ ತಿಳಿಯಲಿಲ್ಲ. "ಒಳ್ಳೇದಾಯ್ತು ಬಿಡಿ" ಎಂದು ಮತ್ತೆ ನೀರಿಗೆ ಬಗ್ಗಿದಳು. "ಗುರುವಾರ ಅದೊಂದು ಕೇಳ್ಕೊಂಡು ಶುಕ್ರವಾರ ತೊಂಡೇಬಾವಿಗೆ ಹೋಗಣ ಅಂತಿದ್ದೀನಿ. ರೂಪ ಬಿಡ್ತಾನೇ ಇಲ್ಲ."

"ನಾಲ್ಕು ದಿನಕ್ಕಾ?"

"ನೋಡಣ."

ಆ ರಾತ್ರಿ ಸಾಹೇಬರಿಗೆ ಊಟ ಸೇರಲಿಲ್ಲ. ಹೆಂಡತಿಗೆ ವಿಷಯ ಹೇಳಿಕೊಂಡರು.

"ಇಪ್ಪತ್ತಾರು ವರ್ಷ! ಎಲ್ಲರ ಹೆಸರು ಹೇಳಿ ಅವಳದೊಂದು ಮರೆತೆ ದಿಲ್ಷಾದ್. ಗುರುವಾರ ರೇಡಿಯೋದಲ್ಲಿ ಬಂದ್ರೆ ನನ್ನ ಸುಳ್ಳು ಬಯಲಾಗುತ್ತೆ, ಅವಳು ಹೋದೋಳು ವಾಪಸ್ ಬರಲ್ಲ. ಬರದಿದ್ರೆ ನಲವತ್ತು ಜನ ನನ್ನ ಸುಳ್ಳುಗಾರ ಅಂತಾರೆ."

ದಿಲ್ಷಾದ್ ಬೇಗಂ ರೊಟ್ಟಿ ಮಗುಚುತ್ತ ಕೇಳಿದರು. "ನನ್ನ ಹೆಸರು ಎಷ್ಟನೇದು?"

"ಮೂರನೇದು."

"ಮೊದಲನೇದು ಯಾರದ್ದು?"

"ರೇಷ್ಮೆ ಇಲಾಖೆ ಇನ್‌ಸ್ಪೆಕ್ಟರ್ ಭಾನುಪ್ರಕಾಶ್ ಅವರದ್ದು. ಲೈಸೆನ್ಸು ನೋಡು..."

"ಎರಡನೇದು?"

"ಪಕ್ಕದ ಮನೆ ವೆಂಕಟರಾಯಪ್ಪನೋರದ್ದು. ಅವರು ಕಂಡಕ್ಟರ್ ಆಗಿದ್ದಾಗ ಒಂದ್ಸಲ ಚಿಂತಾಮಣಿ ಬಸ್ಸಲ್ಲಿ ನಮ್ಮಮ್ಮನಿಗೆ ಸೀಟು ಕೊಡಿಸಿದ್ರು."

ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. "ಯಾ ಅಲ್ಲಾ! ಮೂವತ್ಮೂರು ವರ್ಷ ಸಂಸಾರ ಮಾಡಿ ನಾನು ಕಂಡಕ್ಟರ್ ಹಿಂದಿನ ಸೀಟಿಗೆ ಬಂದ್ನಾ!"

ಅಶ್ವತ್ಥಮ್ಮನ ವಿಷಯ ಅಲ್ಲಿಗೆ ನಿಂತಿತು.

ಗುರುವಾರ ಬೆಳಿಗ್ಗೆ ಐದೂಮುಕ್ಕಾಲಿಗೇ ವೆಂಕಟರಾಯಪ್ಪ ಬಾಗಿಲಲ್ಲಿದ್ದರು. ನಿವೃತ್ತರಾಗಿ ಎಂಟು ವರ್ಷವಾದರೂ ಎಡ ಕಂಕುಳಲ್ಲಿ ಚೀಲ ಅವುಚಿಕೊಂಡಂತೆಯೇ ನಿಲ್ಲುತ್ತಾರೆ. ಆರು ಗಂಟೆಗೆ ರೇಡಿಯೋ ಹಚ್ಚಿದಾಗ ಅಂಗಳದಲ್ಲಿ ಹದಿನೇಳು ಜನ.

"ಒಳಗೆ ಹೋಗ್ರೀ, ಒಳಗೆ ಹೋಗ್ರೀ! ಮುಂದೆ ಖಾಲಿ ಇದೆ! ಜರಗಂಡಿ, ಜರಗಂಡಿ! ಬಾಗಿಲಲ್ಲಿ ನಿಲ್ಬೇಡಿ!" ಎಂದು ವೆಂಕಟರಾಯಪ್ಪ ಎಲ್ಲರನ್ನೂ ಫಿಲೇಚರಿನೊಳಗೆ ತುಂಬಿದರು. ಸದ್ದಾಗಬಾರದೆಂದು ಮಿಷನ್ ನಿಲ್ಲಿಸಿದರು. ಅಶ್ವತ್ಥಮ್ಮ ತೇರಿಗೆಂದು ತೆಗೆದಿಟ್ಟಿದ್ದ ಹೊಸ ಸೀರೆ ಉಟ್ಟು, ತನ್ನ ಬೇಸಿನ್ನಿನ ಮುಂದಿನ ಮಣೆಯ ಮೇಲೆ ಎಂದಿನಂತೆ ಕೂತಿದ್ದಳು. ಆ ಸೀರೆ ನೋಡಿ ಸಾಹೇಬರು ರೇಡಿಯೋ ಕಡೆ ಮುಖ ತಿರುಗಿಸಿಕೊಂಡರು.

ಮೊದಲ ಕಾರ್ಯಕ್ರಮ ಚಿಂತನ. ವಿಷಯ, ಮೌನದ ಮಹತ್ವ. ಹೆಚ್ಚು ಮಾತಾಡುವವನು ಕಡೆಗೆ ತನ್ನ ಮಾತಿಗೆ ತಾನೇ ಸಿಕ್ಕಿಬೀಳುತ್ತಾನೆ ಎಂದು ಒಬ್ಬ ಹಿರಿಯರು ಐದು ನಿಮಿಷ ಮಾತಾಡಿದರು. ಬಷೀರ್ ಸಾಹೇಬರು ಎದ್ದುಹೋಗಿ ನೀರು ಕುಡಿದು ಬಂದರು.

ಏಳಕ್ಕೆ ಕೃಷಿರಂಗ. ಇದರಲ್ಲಿ ಬಂದೇ ಬರುತ್ತದೆ ಎಂದು ಎಲ್ಲರೂ ಮುಂದೆ ಬಾಗಿದರು. ಕುರಿಗಳ ಗೊರಸಿನ ರೋಗದ ಬಗ್ಗೆ ಅರ್ಧ ಗಂಟೆ ಬಂತು. ಎಂಟೂವರೆಗೆ ವೈದ್ಯರ ಜೊತೆ ಫೋನ್ ಮಾತುಕತೆ. ಮಂಡಿನೋವಿಗೆ ಪಾದವನ್ನು ಹೀಗೆ ಹೀಗೆ ತಿರುಗಿಸಬೇಕೆಂದು ವೈದ್ಯರು ಹೇಳಿದಾಗ ಫಿಲೇಚರಿನಲ್ಲಿದ್ದ ಮೂವತ್ನಾಲ್ಕು ಪಾದಗಳು ಒಟ್ಟಿಗೆ ಎಡಕ್ಕೆ ತಿರುಗಿದವು, ಒಟ್ಟಿಗೆ ಬಲಕ್ಕೆ ತಿರುಗಿದವು.

ಆಗ ಗೌರಿಬಿದನೂರಿನಿಂದ ದಿಲ್ಷಾದ್ ಬೇಗಂ ಅವರ ತಮ್ಮ ಶೋಯೆಬ್ ಫೋನ್ ಮಾಡಿದ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಅವನು ಶಿಫ್ಟ್ ಮೇಲ್ವಿಚಾರಕ. ಪಟ್ಟಿಯಲ್ಲಿ ಹದಿಮೂರನೆಯವನು.

"ಭಾಯಿಜಾನ್, ಕ್ಯಾಂಟೀನ್ ಮೈಕಿಗೇ ಹಾಕ್ಸಿದ್ದೀನಿ. ಇನ್ನೂರು ಜನ ಕೇಳ್ತಾ ಇದ್ದಾರೆ. ಈಗ ಎಲ್ಲರೂ ಕಾಲು ತಿರುಗಿಸ್ತಾ ಇದ್ದಾರೆ. ನನ್ನ ಹೆಸರು ಯಾವಾಗ?"

"ಬರುತ್ತಪ್ಪ, ಬರುತ್ತೆ" ಎಂದರು ಸಾಹೇಬರು. ನಲವತ್ತಿದ್ದದ್ದು ಇನ್ನೂರ ನಲವತ್ತಾಯಿತು.

ಹತ್ತು ಗಂಟೆಗೆ ಚಿಂತಾಮಣಿ ಬಸ್ಸಿನಿಂದ ಹನ್ನೊಂದು ಜನ ನೆಂಟರು ಇಳಿದರು. ಅಂಗಳಕ್ಕೆ ಶಾಮಿಯಾನ ಬಂತು. ದಿಲ್ಷಾದ್ ಬೇಗಂ ಮೊದಲನೇ ಹಂಡೆಯ ಪಕ್ಕ ಎರಡನೇ ಹಂಡೆ ಇಟ್ಟರು. ಹನ್ನೊಂದೂವರೆಗೆ ಮನೆಯಡುಗೆಯ ಕಾರ್ಯಕ್ರಮದಲ್ಲಿ ಯಾರೋ ಒಬ್ಬಾಕೆ ಪಲಾವಿಗೆ ಅಕ್ಕಿ ನೆನೆಸಬೇಕಾಗಿಲ್ಲ ಎಂದಾಗ, "ನೆನೆಸದೆ ಮಾಡಿ ನೋಡು, ನಿನ್ನ ಅತ್ತೆ ಏನಂತಾಳೆ ಕೇಳು!" ಎಂದು ಬೇಗಂ ಸೌಟು ಹಿಡಿದು ರೇಡಿಯೋ ಮುಂದೆ ಬಂದು ನಿಂತರು. ಅವರನ್ನು ಸಮಾಧಾನ ಮಾಡಿ ಒಲೆಯ ಹತ್ತಿರ ಕರೆದುಕೊಂಡು ಹೋದವಳು ಅಶ್ವತ್ಥಮ್ಮ. ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಐವತ್ತು ಜನಕ್ಕೆ ಈರುಳ್ಳಿ ಹೆಚ್ಚಿದವಳೂ ಅವಳೇ.

ಊಟದ ಹೊತ್ತಿಗೆ ಸರಿಯಾಗಿ ಇನ್‌ಸ್ಪೆಕ್ಟರ್ ಭಾನುಪ್ರಕಾಶ್ ಬೈಕಿನಲ್ಲಿ ಬಂದರು.

"ಏನ್ರೀ ಬಷೀರ್, ಬೆಳಿಗ್ಗೆಯಿಂದ ಆಫೀಸಲ್ಲಿ ಕೆಲಸ ಬಿಟ್ಟು ಕೇಳ್ತಾ ಇದ್ದೀವಿ. ಕುರಿ ಬಂತು, ಮಂಡಿ ಬಂತು, ಪಲಾವು ಬಂತು. ರೇಷ್ಮೆ ಎಲ್ರೀ? ನಮ್ಮ ಸಾಹೇಬ್ರಿಗೂ ಹೇಳಿಬಿಟ್ಟಿದ್ದೀನಿ. ನನ್ನ ಹೆಸರು ಹುದ್ದೆ ಸಮೇತ ಹೇಳಿದ್ರಿ ತಾನೆ?"

"ಹುದ್ದೆ ಸಮೇತ ಸಾರ್. ಮೊಟ್ಟಮೊದಲು ತಮ್ಮದೇ" ಎಂದುಬಿಟ್ಟರು ಸಾಹೇಬರು.

ಎಲೆ ಹಾಕುತ್ತಿದ್ದ ಅಶ್ವತ್ಥಮ್ಮ ಅಲ್ಲೇ ಇದ್ದಳು. ಒಂದು ಕ್ಷಣ ಕೈ ನಿಲ್ಲಿಸಿದಳು. ಆಮೇಲೆ ಇನ್‌ಸ್ಪೆಕ್ಟರಿಗೆ ಎಲೆ ಹಾಕಿ, ನೀರಿಟ್ಟು, "ಕೂತ್ಕೊಳ್ಳಿ ಸಾಮಿ, ಬಿಸಿ ಐತೆ" ಎಂದಳು. ಸಾಹೇಬರ ಕಿವಿಗಳ ಬಣ್ಣವನ್ನು ಇಲ್ಲಿ ವರ್ಣಿಸುವುದಿಲ್ಲ.

ಎರಡು ಗಂಟೆಗೆ ನಾಟಕ. ಅಣ್ಣತಮ್ಮಂದಿರಿಬ್ಬರು ಒಂದು ಬಾವಿಯನ್ನು ಪಾಲು ಮಾಡಿಕೊಳ್ಳಲು ಹೊರಟ ಕಥೆ. ಇಷ್ಟು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳದ ಸ್ಟೇಷನ್ನನ್ನು ಮೊದಲ ಸಲ ಜನ ಕೇಳಿದ್ದು ಅಂದು. ಅಣ್ಣ ಬಾವಿಯ ನಡುವೆ ಹಗ್ಗ ಕಟ್ಟಿದಾಗ ಚಿಂತಾಮಣಿಯ ನೆಂಟರು ಬಿಕ್ಕಿಬಿಕ್ಕಿ ಅತ್ತರು. ಬಷೀರ್ ಸಾಹೇಬರು ಹತ್ತಿರ ಬಂದು, "ನಂದು ಇನ್ನೂ ಬರಲಿಲ್ಲವಾ?" ಎಂದರೆ ಇಡೀ ಶಾಮಿಯಾನ "ಶ್ಶ್!" ಎಂದಿತು.

"ನೀವು ಸುಮ್ನಿರ್ರೀ ಬಷೀರ್ ಸಾಹೇಬ್ರೇ, ತಮ್ಮ ಬಾವಿಗೆ ಬೀಳೋ ಹಾಗಿದ್ದಾನೆ!" ಎಂದು ವೆಂಕಟರಾಯಪ್ಪ ಕಣ್ಣೊರೆಸಿಕೊಂಡರು.

ಮೂರೂವರೆಗೆ ವಿಜ್ಞಾನ. ಶನಿಗ್ರಹದ ಸುತ್ತ ಇರುವ ಬಳೆಗಳು ಬಳೆಗಳಲ್ಲ, ಮಂಜುಗಡ್ಡೆ ಮತ್ತು ಕಲ್ಲುಚೂರು ಎಂದು ತಿಳಿದುಬಂತು. ಇದರಿಂದ ಊರಿನಲ್ಲಿ ಎರಡು ಪಕ್ಷವಾಯಿತು. ಶನಿಮಹಾತ್ಮನಿಗೆ ಪ್ರತಿ ಶನಿವಾರ ಎಣ್ಣೆ ಹಾಕುವ ಚೆನ್ನರಾಯಪ್ಪ ಟೀ ಕೆಟಲು ಕೆಳಗಿಟ್ಟು ಹೇಳಿದ: "ಮಂಜುಗಡ್ಡೆ ಅಂತೆ! ನನ್ ಸಾಡೇಸಾತಿ ಏಳೂವರೆ ವರ್ಷ ನಡೀತಲ್ಲ, ಮಂಜುಗಡ್ಡೆ ಆಗಿದ್ರೆ ಅಷ್ಟೊತ್ತಿಗೆ ಕರಗ್ತಿರಲಿಲ್ವಾ?"

ಈ ಗದ್ದಲದಲ್ಲಿ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ರೇಡಿಯೋವೇ ಕೆಟ್ಟುಹೋದರೆ? ಆಗ ಬಂತೋ ಬರಲಿಲ್ಲವೋ ಯಾರಿಗೂ ಗೊತ್ತಾಗದು. ಅಶ್ವತ್ಥಮ್ಮ ತನ್ನ ಹೆಸರೇ ಮೊದಲು ಬಂದಿರಬೇಕು ಎಂದುಕೊಳ್ಳುತ್ತಾಳೆ, ಇನ್‌ಸ್ಪೆಕ್ಟರು ತನ್ನದು ಎಂದುಕೊಳ್ಳುತ್ತಾರೆ. ಸಾಹೇಬರು ಧೂಳು ಒರೆಸುವವರಂತೆ ಹೋಗಿ, ಮೊಳೆಯಿಂದ ರೇಡಿಯೋ ತೆಗೆದು, ಅತ್ತ ಇತ್ತ ನೋಡಿ, ಮೊದಲನೇ ಬೇಸಿನ್ನಿನ ನೀರಿನೊಳಗೆ ಮೆಲ್ಲಗೆ ಜಾರಿಸಿದರು. ಮೂವತ್ತು ವರ್ಷ ಮಾತಾಡಿದ ರೇಡಿಯೋ 'ಬುಳುಕ್' ಎಂದು ಕೊನೆಯ ಮಾತಾಡಿತು.

"ಅಯ್ಯೋ! ಕೈ ಜಾರ್ತಲ್ಲಾ!" ಎಂದು ಸಾಹೇಬರು ಹಣೆ ಬಡಿದುಕೊಂಡರು.

"ಚಿಂತೆ ಬೇಡ ಮಾಮೂ" ಎಂದಳು ಚಿಂತಾಮಣಿಯ ನೆಂಟರ ಮಗಳು ಮಿಸ್ಬಾ, ಬಿ.ಕಾಂ. ಓದುತ್ತಿರುವ ಚುರುಕು ಹುಡುಗಿ. "ದೇಶವಾಣಿ ಆ್ಯಪ್ ಇದೆ." ಅವಳು ಒಂದು ಸಣ್ಣ ಸ್ಪೀಕರನ್ನು ಫೋನಿಗೆ ಹೊಂದಿಸಿದಳು. ಹಳೇ ರೇಡಿಯೋದಲ್ಲಿ ಕೇಳುತ್ತಿದ್ದದ್ದಕ್ಕಿಂತ ನಾಲ್ಕು ಪಾಲು ಜೋರಾಗಿ, ಸ್ಪಷ್ಟವಾಗಿ ಶನಿಗ್ರಹ ಮುಂದುವರಿಯಿತು. ಬೀದಿಯ ಆಚೆ ಮನೆಯವರೂ ಕುರ್ಚಿ ತಂದರು.

ಅಶ್ವತ್ಥಮ್ಮ ಬೇಸಿನ್ನಿನಿಂದ ರೇಡಿಯೋ ಎತ್ತಿ, ಸೆರಗಿನಿಂದ ಒರೆಸಿ, ಬಿಸಿಲಿಗೆ ಬೋರಲು ಹಾಕಿದಳು.

ಐದು ಗಂಟೆಗೆ ಕ್ರೀಡಾಲೋಕ. ದೊಡ್ಡ ಪಂದ್ಯವೊಂದರ ನೇರ ವೀಕ್ಷಕ ವಿವರಣೆ ಎಂದಾಗ ಜನ ಚಪ್ಪಾಳೆ ತಟ್ಟಿದರು. ಪಂದ್ಯ ಚದುರಂಗದ್ದು.

"ಬಿಳಿ ಕಾಯಿಯ ಆಟಗಾರ ಯೋಚಿಸುತ್ತಿದ್ದಾರೆ" ಎಂದರು ವಿವರಣೆಕಾರರು. ಬಹಳ ಹೊತ್ತಿನ ಮೇಲೆ, "ಇನ್ನೂ ಯೋಚಿಸುತ್ತಿದ್ದಾರೆ" ಎಂದರು. ಮತ್ತೂ ಸ್ವಲ್ಪ ಹೊತ್ತಿನ ಮೇಲೆ, "ನೀರು ಕುಡಿದರು" ಎಂದರು.

"ನನ್ನ ಬಸ್ಸಲ್ಲಿ ಹೀಗೆ ಯೋಚಿಸ್ತಾ ಕೂತಿದ್ರೆ ಇಳಿಸಿಬಿಡ್ತಿದ್ದೆ" ಎಂದರು ವೆಂಕಟರಾಯಪ್ಪ.

ಬೇಸರದಲ್ಲಿ ಜನರಿಗೆ ತಾವು ಬಂದ ಕಾರಣ ನೆನಪಾಯಿತು. ಇನ್‌ಸ್ಪೆಕ್ಟರು ಗಡಿಯಾರ ನೋಡಿದರು. "ಬಷೀರ್, ಆರಕ್ಕೆ ವಾರ್ತೆ. ವಾರ್ತೆಯಲ್ಲಂತೂ ನಿಮ್ಮನ್ನ ಹಾಕಲ್ಲ. ನಿಜ ಹೇಳಿ, ರೆಕಾರ್ಡ್ ಆಗಿದ್ದು ಹೌದಾ?" ಶೋಯೆಬ್ ಫೋನಿನಲ್ಲಿ, "ಭಾಯಿಜಾನ್, ಎರಡನೇ ಶಿಫ್ಟಿನವರೂ ಬಂದರು, ನನ್ನ ಮರ್ಯಾದೆ ಪ್ರಶ್ನೆ" ಎಂದ. ಚಿಂತಾಮಣಿಯವರು ಕಡೇ ಬಸ್ಸಿನ ಸಮಯ ಕೇಳತೊಡಗಿದರು. ಬಷೀರ್ ಸಾಹೇಬರು ಅಶ್ವತ್ಥಮ್ಮನ ಪಕ್ಕ ಒಂದು ಖಾಲಿ ಬುಟ್ಟಿ ಬೋರಲು ಹಾಕಿಕೊಂಡು ಕುಳಿತರು.

"ಅಶ್ವತ್ಥಮ್ಮ, ನಿಂಗೊಂದು ಮಾತು ಹೇಳ್ಬೇಕು. ಆವತ್ತು ಒಳಗೆ ನಾನು..."

"ಸುಮ್ನಿರಿ ಸಾಹೇಬ್ರೇ. ಆಟ ಮುಗೀತು."

ನಿಜ. ಬಿಳಿ ಕಾಯಿಯವರು ಕಡೆಗೂ ಯೋಚನೆ ಮುಗಿಸಿ, ಸೋತೆನೆಂದು ಒಪ್ಪಿಕೊಂಡು ಎದ್ದುಹೋಗಿದ್ದರು. ಗಂಟೆ ಐದೂ ಐವತ್ತೆಂಟು. ವಾರ್ತೆಗೆ ಇನ್ನೂ ಎರಡು ನಿಮಿಷ. ಉದ್ಘೋಷಕಿ ಒಂದು ಕ್ಷಣ ತಡವರಿಸಿದಳು. "ಪಂದ್ಯ ನಿರೀಕ್ಷೆಗಿಂತ ಬೇಗ ಮುಗಿದಿದೆ. ವಾರ್ತೆಯವರೆಗೆ, ನಾಡಿನ ಸದ್ದು. ಶಿಡ್ಲಘಟ್ಟದ ಒಂದು ರೇಷ್ಮೆ ನೂಲಿನ ಮನೆಯಿಂದ."

ವೆಂಕಟರಾಯಪ್ಪ ಶಿಳ್ಳೆ ಹಾಕಲು ಬಾಯಿಗೆ ಬೆರಳಿಟ್ಟವರು ಹಾಗೇ ನಿಂತರು.

ಮೊದಲು ಮಿಷನ್ನಿನ ಸದ್ದು. ಕರ್ರ್... ಕರ್ರ್... ಆಮೇಲೆ ನೀರು ಕುದಿಯುವ ಸದ್ದು. ಆಮೇಲೆ ಬಷೀರ್ ಸಾಹೇಬರ ಧ್ವನಿ. ಶೇರ್ವಾನಿ ತೊಟ್ಟ ಧ್ವನಿಯಲ್ಲ, ದಿನಾ ಕೇಳುವ ಧ್ವನಿ.

"ಅಶ್ವತ್ಥಮ್ಮ, ತಡಿ ತಡಿ! ಕೈ ತೆಗಿಯಮ್ಮ, ನೀರು ಜಾಸ್ತಿ ಕಾದಿದೆ. ತಣ್ಣೀರು ಹಾಕ್ತೀನಿ ಇರು... ಎಲ್ಲಿ ಬೆರಳು ತೋರ್ಸು. ಎಣ್ಣೆ ಹಚ್ಚಿದ್ಯಾ ಇಲ್ವಾ? ರೂಪ ನೋಡಿದ್ರೆ ನನ್ನ ಬೈತಾಳೆ."

"ಏನೂ ಆಗಿಲ್ಲ ಬಿಡಿ."

"ಅಶ್ವತ್ಥಮ್ಮ, ಆ ಗೂಡಿನ ತುದಿ ನಂಗೆ ಸಿಗ್ತಾ ಇಲ್ಲ ನೋಡು."

"ಇಲ್ಲೈತಲ್ಲ. ಕೊಡಿ ಇತ್ಲಾಗೆ."

"ಎಳೆ ನಿನ್ನ ಮಾತು ಕೇಳುತ್ತಮ್ಮ. ನನ್ನ ಮಾತು ಎಲ್ಲಿ ಕೇಳುತ್ತೆ."

"ಒಳಗೆ ಕೂತು ಅಷ್ಟೊತ್ತು ಭಾಷಣ ಮಾಡಿದ್ರೆ ಇನ್ಯಾರು ಕೇಳ್ತಾರೆ? ಸುಸ್ತಾಗಿದ್ದೀರ, ಟೀ ಕುಡೀರಿ ಮೊದ್ಲು."

ಮಿಷನ್ನು ಮತ್ತೆ ಕರ್ರ್ ಎಂದಿತು. ನಿಧಾನವಾಗಿ ದೂರವಾಯಿತು. ಸಮಯ ಆರು ಗಂಟೆ. ವಾರ್ತೆಗಳು.

ಬಷೀರ್ ಅಹಮದ್ ಎಂಬ ಹೆಸರೂ ಬಂದಿರಲಿಲ್ಲ. ಇನ್‌ಸ್ಪೆಕ್ಟರು ಇಲ್ಲ, ಕಂಡಕ್ಟರು ಇಲ್ಲ, ಹೆಂಡತಿ ಇಲ್ಲ, ಭಾವಮೈದ ಇಲ್ಲ. ಇಡೀ ದೇಶವಾಣಿಯಲ್ಲಿ ಶಿಡ್ಲಘಟ್ಟದಿಂದ ಬಂದ ಹೆಸರು ಎರಡೇ. ಅಶ್ವತ್ಥಮ್ಮ, ಮತ್ತು ಅವಳ ಮಗಳು ರೂಪ.

ಮೊದಲು ಬಾಯಿಬಿಟ್ಟವರು ವೆಂಕಟರಾಯಪ್ಪ. "ತೊಂಬತ್ತು ನಿಮಿಷಕ್ಕೆ ಒಂದು ನಿಮಿಷ! ಏನ್ ರೆಂಡಿಟ್ಟಾ ಸ್ವಾಮಿ ನಿಮ್ದು! ಇಂಥ ಗೂಡು ಮಾರ್ಕೆಟ್ಟಿಗೆ ತಂದ್ರೆ ದನಾನೂ ಮೂಸಲ್ಲ."

ಜನ ಗೊಳ್ಳೆಂದರು. ಇನ್‌ಸ್ಪೆಕ್ಟರು ಮಾತ್ರ ನಗಲಿಲ್ಲ. ಎದ್ದು ಅಂಗಿ ಸರಿಮಾಡಿಕೊಂಡು ಅಶ್ವತ್ಥಮ್ಮನ ಹತ್ತಿರ ಬಂದು, "ಅಮ್ಮಾ, ಒಂದು ಫೋಟೋ ತಗೊಳ್ಳೋಣ. ನಮ್ಮ ಸಾಹೇಬ್ರಿಗೆ ಏನಾದ್ರೂ ತೋರಿಸ್ಬೇಕಲ್ಲ" ಎಂದು ಪಕ್ಕದಲ್ಲಿ ಕೈಕಟ್ಟಿ ನಿಂತರು. ಮಿಸ್ಬಾ ಫೋಟೋ ತೆಗೆದಳು. ಶೋಯೆಬ್ ಫೋನಿನಲ್ಲಿ ಅರಚುತ್ತಿದ್ದ: "ಭಾಯಿಜಾನ್, ಇನ್ನೂರು ಜನಾನೂ ಅಶ್ವತ್ಥಮ್ಮ ಯಾರು ಅಂತ ಕೇಳ್ತಿದ್ದಾರೆ. ನಮ್ಮ ಮನೆಯವರೇ ಅಂದ್ಬಿಟ್ಟೆ!" ದಿಲ್ಷಾದ್ ಬೇಗಂ ಒಂದು ದೊಡ್ಡ ಡಬ್ಬಿಗೆ ಪಲಾವು ತುಂಬಿ ಅಶ್ವತ್ಥಮ್ಮನ ಮಡಿಲಲ್ಲಿಟ್ಟು, ಗಂಡನ ಕಡೆ ತಿರುಗಿ ಹೇಳಿದರು. "ಕಂಡಕ್ಟರದ್ದೂ ಬರಲಿಲ್ಲ ತಾನೆ? ಹಾಗಾದ್ರೆ ಸರಿ."

ಜನ ಕರಗಿದ ಮೇಲೆ ಬಷೀರ್ ಸಾಹೇಬರು ಅದೇ ಬೋರಲು ಬುಟ್ಟಿಯ ಮೇಲೆ ಕುಳಿತಿದ್ದರು.

"ಅಶ್ವತ್ಥಮ್ಮ, ಅವತ್ತು ಒಳಗೆ ನಿನ್ನ ಹೆಸರು ಹೇಳಿರಲಿಲ್ಲ. ಮರೆತಿದ್ದೆ. ಸೋಮವಾರ ಸುಳ್ಳು ಹೇಳಿದೆ."

"ಗೊತ್ತು ಸಾಹೇಬ್ರೇ. ನಿಮ್ ಕಿವಿ ಅವತ್ತೇ ಹೇಳ್ತು."

"ಗೊತ್ತಿದ್ದೂ ಹೊಸ ಸೀರೆ ಉಟ್ಕೊಂಡು ಬಂದ್ಯಾ?"

"ನಾನು ಹಳೇದು ಉಟ್ಕೊಂಡು ಬಂದಿದ್ರೆ ನೀವು ಮೂರು ದಿನ ಊಟ ಬಿಡ್ತಿದ್ರಿ" ಎಂದಳು ಅವಳು. ಡಬ್ಬಿ ಎತ್ತಿಕೊಂಡು, ಬಿಸಿಲಿಗಿಟ್ಟ ರೇಡಿಯೋ ಅಲ್ಲಾಡಿಸಿ ನೋಡಿ, ಇನ್ನೂ ನೀರಿದೆಯೆಂದು ತಲೆಯಾಡಿಸಿ, ಹೋದಳು. ತೊಂಡೇಬಾವಿಯ ಮಾತು ಅವಳೂ ಎತ್ತಲಿಲ್ಲ, ಸಾಹೇಬರಿಗೂ ಕೇಳುವ ಧೈರ್ಯ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಸಾಹೇಬರು ಫಿಲೇಚರಿನ ಬಾಗಿಲು ತೆರೆದು, ಮೊದಲನೇ ಬೇಸಿನ್ನಿನ ಮುಂದೆ ತಾವೇ ಕುಳಿತು, ಒಂದು ಗೂಡಿನ ತುದಿ ಹುಡುಕತೊಡಗಿದರು. ಏಳೂಕಾಲಾಯಿತು. ಏಳೂವರೆಯಾಯಿತು. ತೊಂಡೇಬಾವಿ ಕಡೆಯ ಬಸ್ಸು ಹೊರಡುವುದು ಏಳೂವರೆಗೇ. ತುದಿ ಸಿಗಲಿಲ್ಲ.

"ಕೈ ತೆಗೀರಿ ಸಾಹೇಬ್ರೇ, ನೀರು ಕಾದೈತೆ."

ಹಳೇ ಸೀರೆ, ಕಂಕುಳಲ್ಲಿ ತೊಳೆದ ಡಬ್ಬಿ. ಸಾಹೇಬರು ಥಟ್ಟನೆ ಎದ್ದರು. "ಬಸ್ಸು?"

"ರೂಪನೇ ಭಾನುವಾರ ಬರ್ತಾಳಂತೆ. ರಾತ್ರಿಯೆಲ್ಲಾ ಫೋನು. ಅವಳ ಅತ್ತೆಗೂ ಬೇಸಿನ್ ನೋಡ್ಬೇಕಂತೆ, ರೇಡಿಯೋದಲ್ಲಿ ಬಂದಿದ್ದು ಯಾವುದು ಅಂತ." ಅವಳು ಮಣೆಯ ಮೇಲೆ ಕುಳಿತು, ನೀರಿಗೆ ಬಗ್ಗಿ, ಸಾಹೇಬರು ಅರ್ಧ ಗಂಟೆ ಕೆದಕಿದ್ದ ಗೂಡನ್ನು ಒಂದು ಸಲ ನೀವಿ ಎಳೆ ಎತ್ತಿದಳು.

ಸಾಹೇಬರು ಗೂಡಿನ ಬುಟ್ಟಿಯನ್ನು ಅವಳ ಕೈಗೆಟಕುವಂತೆ ಸರಿಸಿಟ್ಟರು. "ಇನ್ನೊಂದ್ಸಲ ರೇಡಿಯೋದೋರು ಬಂದ್ರೆ ಅಶ್ವತ್ಥಮ್ಮ, ಮೊದಲನೇ ಹೆಸರೇ..."

"ಇನ್ನೊಂದ್ಸಲ ಬಂದ್ರೆ ಒಳಗೆ ಬಾಗಿಲು ಹಾಕ್ಕೊಂಡು ಕೂತ್ಕೊಬೇಡಿ" ಎಂದಳು ಅವಳು. "ಇಲ್ಲೇ ಇರಿ. ಈಗ ಮಿಷನ್ ಹಾಕಿ, ನಿನ್ನೆ ಗೂಡೆಲ್ಲಾ ಹಾಗೇ ಕೂತಾವೆ."

ಸಾಹೇಬರು ಮಿಷನ್ ಹಾಕಿದರು.